ಮೊಳಕಾಲ್ಮುರಿನ ತರಗತಿಯಲ್ಲಿ 1812ರ ಚರ್ಚೆ: ಒಂದು ಪ್ರಕರಣ ಅಧ್ಯಯನ

ಒಂಬತ್ತನೇ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಬಂತೆಂದರೆ ಬೋರ್ಡಿನ ಮೇಲೆ ಎರಡು ಕಾಲಂ ಬೀಳುತ್ತವೆ. ಎಡಕ್ಕೆ ಹೆಸರು, ಬಲಕ್ಕೆ ಯಂತ್ರ. ಜಾನ್ ಕೇ, ಹಾರುವ ಲಾಳಿ, 1733. ಹಾರ್ಗ್ರೀವ್ಸ್, ಸ್ಪಿನ್ನಿಂಗ್ ಜೆನ್ನಿ, 1764. ಆರ್ಕ್‌ರೈಟ್, ವಾಟರ್ ಫ್ರೇಮ್, 1769. ಕಾರ್ಟ್‌ರೈಟ್, ಪವರ್‌ಲೂಮ್, 1785. ಮಕ್ಕಳು ಹೊಂದಿಸಿ ಬರೆದು ಪೂರ್ತಿ ಅಂಕ ತೆಗೆಯುತ್ತಾರೆ. ಆ ಯಂತ್ರ ಬಂದಮೇಲೆ ನೇಕಾರನ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆ ಯಾರ ನೋಟ್ಸಿನಲ್ಲೂ ಇರುವುದಿಲ್ಲ.

ಇಲ್ಲಿ ದಾಖಲಿಸಿರುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಪಾಠವನ್ನು ಚರ್ಚೆಯ ಮೂಲಕ ಮಾಡಿಸಿದ ಬಗೆ. ಕನ್ನಡ ಮಾಧ್ಯಮ, ತರಗತಿಯಲ್ಲಿ 36 ಮಕ್ಕಳು, 40 ನಿಮಿಷದ ಪೀರಿಯಡ್. ಭೌಗೋಳಿಕ ಸೂಚಿಕೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯ ಸೀಮೆ ಇದು. ಹಲವು ಮಕ್ಕಳ ಮನೆಯಲ್ಲಿ ಕೈಮಗ್ಗವಿದೆ, ಕೆಲವರ ಮನೆಯಲ್ಲಿ ಪವರ್‌ಲೂಮ್ ಇದೆ, ಉಳಿದವರದು ಶೇಂಗಾ ಹೊಲ ಇಲ್ಲವೇ ಕೂಲಿ. ಆಂಧ್ರದ ಗಡಿ ಹತ್ತಿರವಿರುವುದರಿಂದ ಮನೆಮಾತು ತೆಲುಗು ಆಗಿರುವವರೂ ಸಾಕಷ್ಟಿದ್ದಾರೆ. ಹಾಸು, ಹೊಕ್ಕು, ಲಾಳಿ, ಮಜೂರಿ ಎಂಬ ಮಾತುಗಳನ್ನು ಈ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ. ಇಂಗ್ಲೆಂಡಿನ ನೇಕಾರರ ಇತಿಹಾಸ ಕಲಿಸಲು ಇದಕ್ಕಿಂತ ಸಜ್ಜಾದ ತರಗತಿ ಸಿಗುವುದು ಕಷ್ಟ. ಆದರೂ ಮೊದಲ ಚರ್ಚೆ ಕೆಟ್ಟಿತು.

ಮೊದಲ ಚರ್ಚೆ ಕೆಟ್ಟದ್ದು ಏಕೆ

ಶಿಕ್ಷಕಿ ಕೊಟ್ಟ ವಿಷಯ ‘ಯಂತ್ರಗಳು ವರವೇ, ಶಾಪವೇ?’ ಪರ ಇಬ್ಬರು, ವಿರೋಧ ಇಬ್ಬರು. ನಾಲ್ವರೂ ಪ್ರತಿಭಾ ಕಾರಂಜಿಯಲ್ಲಿ ಮಾತಾಡಿ ಪಳಗಿದವರು. ‘ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ’ ಎಂದು ಶುರುವಾದ ಭಾಷಣಗಳಲ್ಲಿ ಮೊಬೈಲ್ ಬಂತು, ಟ್ರ್ಯಾಕ್ಟರ್ ಬಂತು, ಚಂದ್ರಯಾನವೂ ಬಂತು. ಇಂಗ್ಲೆಂಡ್ ಬರಲಿಲ್ಲ. ಉಳಿದ 32 ಮಕ್ಕಳ ಕೆಲಸ ಚಪ್ಪಾಳೆ ತಟ್ಟುವುದು.

ಕೊನೆಗೆ ‘ಯಾರಾದರೂ ಕೇಳುವುದಿದೆಯಾ?’ ಎಂದಾಗ ಕೈಮಗ್ಗದ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ಪವರ್‌ಲೂಮ್ ಇರುವ ಮನೆಯ ಹುಡುಗನಿಗೆ ‘ನಿಮ್ಮಂಥೋರಿಂದಾನೇ ನಮ್ಮಪ್ಪನ ಮಗ್ಗ ನಿಂತಿದ್ದು’ ಎಂದಳು. ಅವನು ‘ನಮ್ಮನೇಲೂ ಸಾಲ ಐತೆ’ ಎಂದ. ಅಲ್ಲಿಗೆ ಚರ್ಚೆ ಮುಗಿದು ಜಗಳ ಶುರುವಾಯಿತು. ಬೆಲ್ ಹೊಡೆದದ್ದರಿಂದ ಅದು ಅಂಗಳಕ್ಕೆ ಹೋಯಿತು.

ಮಕ್ಕಳಿಗೆ ಮಾತು ಬರುವುದಿಲ್ಲ, ಅದಕ್ಕೇ ಚರ್ಚೆ ಕೈಕೊಟ್ಟಿತು ಎಂದು ಇಂಥ ಸಂದರ್ಭದಲ್ಲಿ ಹೇಳುವುದು ರೂಢಿ. ಇಲ್ಲಿ ಮಾತಿಗೆ ಬರವಿರಲಿಲ್ಲ. ದೋಷವಿದ್ದದ್ದು ವಿಷಯ ಕಟ್ಟಿದ ರೀತಿಯಲ್ಲಿ. ‘ವರವೇ, ಶಾಪವೇ’ ಎಂಬ ಪ್ರಶ್ನೆಗೆ ಕಾಲವಿಲ್ಲ, ಊರಿಲ್ಲ. ಅದನ್ನು ತೀರ್ಮಾನಿಸಬೇಕಾದ ಮನುಷ್ಯನೂ ಇಲ್ಲ. ಪ್ರಬಂಧ ಸ್ಪರ್ಧೆಗೆ ಬಾಯಿಪಾಠ ಮಾಡಿದ ಯಾವ ಉತ್ತರವಾದರೂ ಅದಕ್ಕೆ ಹೊಂದುತ್ತದೆ. ಓದಲು ಕೈಯಲ್ಲಿ ಏನೂ ಇಲ್ಲದ್ದರಿಂದ ಮಕ್ಕಳು ತಮಗೆ ಗೊತ್ತಿದ್ದದ್ದನ್ನೇ ಹೇಳಿದರು. ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಮನೆಯ ಕಷ್ಟ. ಹೀಗಾಗಿ ಇಂಗ್ಲೆಂಡಿಗೆ ಹೋಗುವ ಮೊದಲೇ ಮೊಳಕಾಲ್ಮುರು ಬಂದುಬಿಟ್ಟಿತು. ಊರಿನ ಹೋಲಿಕೆ ಬೇಕು, ಆದರೆ ಅದು ಕೊನೆಗೆ ಬರಬೇಕು. ಮೊದಲೇ ಬಂದರೆ ಮಕ್ಕಳು ಒಬ್ಬರನ್ನೊಬ್ಬರು ವಿಚಾರಣೆಗೆ ನಿಲ್ಲಿಸುತ್ತಾರೆ, ಇತಿಹಾಸ ಪಕ್ಕಕ್ಕೆ ಸರಿಯುತ್ತದೆ.

ಪ್ರಶ್ನೆಗೆ ತಾರೀಖು ಕೊಟ್ಟದ್ದು

ಎರಡನೇ ಸಲ ಶಿಕ್ಷಕಿ ವಿಷಯವನ್ನು ಒಂದು ದಿನಕ್ಕೆ ಕಟ್ಟಿಹಾಕಿದರು: ‘ಇಂದು 1812ರ ಫೆಬ್ರವರಿ 27. ಕಾಲುಚೀಲದ ಮಗ್ಗ ಒಡೆಯುವವರಿಗೆ ಮರಣದಂಡನೆ ವಿಧಿಸುವ ಮಸೂದೆ ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಮುಂದಿದೆ. ಒಪ್ಪಬೇಕೇ, ಬೇಡವೇ?’

ಇದು ಅಂದು ನಿಜಕ್ಕೂ ತೀರ್ಮಾನವಾಗಬೇಕಿದ್ದ ಪ್ರಶ್ನೆ. ಎರಡೂ ಕಡೆ ಮಾತಾಡಿದವರಿದ್ದರು, ಅವರ ಮಾತಿಗೆ ದಾಖಲೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ದಿನದ ಆಚೆ ಏನಾಯಿತು ಎಂಬುದು ಆ ಸಭೆಗೆ ಗೊತ್ತಿರಲಿಲ್ಲ. ಮುಂದಾದದ್ದನ್ನು ಬಲ್ಲ ನಾವು ಹಿಂದಿನವರನ್ನು ದಡ್ಡರೆಂದೋ ಕ್ರೂರಿಗಳೆಂದೋ ಬೇಗ ತೀರ್ಪು ಕೊಡುತ್ತೇವೆ. ತಾರೀಖು ಹಾಕಿದ ಪ್ರಶ್ನೆ ಆ ಅವಸರಕ್ಕೆ ತಡೆ ಹಾಕುತ್ತದೆ.

ಮಾಹಿತಿಯನ್ನು ಕಾರ್ಡುಗಳಾಗಿ ಮಾಡಲಾಯಿತು. ಎ4 ಹಾಳೆಯ ಅರ್ಧಕ್ಕೆ ಒಂದು ಕಾರ್ಡು, ಒಂದರಲ್ಲಿ ಐದಾರು ಸಾಲು, ಮೇಲೆ ದೊಡ್ಡ ಸಂಖ್ಯೆ. ಎಂಟು ಕಾರ್ಡು, ಆರು ಗುಂಪಿಗೆ ಆರು ಸೆಟ್ಟು: 48 ಕಾರ್ಡು, ಅಂದರೆ 24 ಹಾಳೆ ಜೆರಾಕ್ಸ್. ಕೈಬರಹವಾದರೂ ನಡೆಯುತ್ತದೆ, ಆದರೆ ಒಂದು ಕಾರ್ಡಿನಲ್ಲಿ ಒಂದೇ ಸಂಗತಿ ಇರಬೇಕು. ಎರಡು ಸಂಗತಿ ತುರುಕಿದರೆ ‘ಮೂರನೇ ಕಾರ್ಡು’ ಎಂದಾಗ ಯಾವುದನ್ನು ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ.

ಕಾರ್ಡುಗಳಲ್ಲಿ ಇದ್ದದ್ದು ಇದು. ಒಂದು: ಕಾಲುಚೀಲ ಹೆಣೆಯುವ ಮಗ್ಗವನ್ನು ವಿಲಿಯಂ ಲೀ ಕಂಡುಹಿಡಿದದ್ದು 1589ರಲ್ಲಿ. ಎರಡು: ನಾಟಿಂಗ್‌ಹ್ಯಾಮ್‌ಶೈರಿನ ಹೆಣೆಯುವವರಲ್ಲಿ ಬಹುಪಾಲು ಜನರಿಗೆ ಮಗ್ಗ ಸ್ವಂತದ್ದಲ್ಲ, ಮಾಲೀಕನಿಗೆ ಅದರ ಬಾಡಿಗೆ ಕಟ್ಟಿ ಮಜೂರಿಗೆ ದುಡಿಯಬೇಕು. ಮೂರು: ಕೆಲವು ಮಾಲೀಕರು ಅಗಲ ಮಗ್ಗದಲ್ಲಿ ಬಟ್ಟೆ ಹೆಣೆಸಿ, ಕತ್ತರಿಸಿ ಹೊಲಿದು ಅಗ್ಗದ ಕಾಲುಚೀಲ ಮಾರುತ್ತಿದ್ದರು, ಕಸುಬು ಕಲಿಯದವರನ್ನು ಕಡಿಮೆ ಕೂಲಿಗೆ ಕೂರಿಸುತ್ತಿದ್ದರು. ನಾಲ್ಕು: 1792ರಲ್ಲಿ ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ಸುಮಾರು 218 ಕಿಲೋಗೆ, ಸರಾಸರಿ ಬೆಲೆ 43 ಶಿಲ್ಲಿಂಗ್, 1812ರ ವರ್ಷದಲ್ಲಿ ಅದು 126 ಶಿಲ್ಲಿಂಗ್. ಐದು: 1799 ಮತ್ತು 1800ರ ಕಾನೂನುಗಳು ಕಾರ್ಮಿಕರು ಸಂಘ ಕಟ್ಟುವುದನ್ನು ನಿಷೇಧಿಸಿವೆ, ಈ ಹೆಣೆಯುವವರಲ್ಲಿ ಹೆಚ್ಚಿನವರಿಗೆ ಮತದ ಹಕ್ಕೂ ಇಲ್ಲ. ಆರು: 1811ರ ಮಾರ್ಚಿನಿಂದೀಚೆಗೆ ಸುಮಾರು ಒಂದು ಸಾವಿರ ಮಗ್ಗಗಳು ಪುಡಿಯಾಗಿವೆ, ಮಾಲೀಕರಿಗೆ ಬಂದ ಬೆದರಿಕೆ ಪತ್ರಗಳ ಕೆಳಗೆ ‘ನೆಡ್ ಲಡ್’ ಎಂಬ ಕಲ್ಪಿತ ನಾಯಕನ ಸಹಿ. ಪೂರ್ತಿ ಮಜೂರಿ ಕೊಡುವ ಮಾಲೀಕನ ಮಗ್ಗವನ್ನು ಮುಟ್ಟದೆ ಬಿಟ್ಟ ಉದಾಹರಣೆಗಳಿವೆ. ಏಳು: 1788ರ ಕಾನೂನಿನಲ್ಲೇ ಮಗ್ಗ ಒಡೆದವರಿಗೆ 7ರಿಂದ 14 ವರ್ಷ ಸಮುದ್ರದಾಚೆಗೆ ಗಡೀಪಾರು ಶಿಕ್ಷೆಯಿದೆ. ಎಂಟು: ದೇಶ ನೆಪೋಲಿಯನ್ ವಿರುದ್ಧ ಯುದ್ಧದಲ್ಲಿದೆ, ಯೂರೋಪಿನ ಮಾರುಕಟ್ಟೆ ಮುಚ್ಚಿದೆ, ಮಾಲು ಬಿಕರಿಯಾಗುತ್ತಿಲ್ಲ.

ನಾಲ್ಕನೇ ಕಾರ್ಡಿನಲ್ಲಿ ಒಂದು ತೊಡಕಿದೆ. ಇಡೀ ವರ್ಷದ ಸರಾಸರಿ ಫೆಬ್ರವರಿಯಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಇದನ್ನು ಹಿಡಿದು ‘ಮಿಸ್, ಇನ್ನೂ ವರ್ಷ ಮುಗಿದಿಲ್ವಲ್ಲ’ ಎಂದ. ಶಿಕ್ಷಕಿ ಒಪ್ಪಿ, ಕಾರ್ಡನ್ನು ‘ಬೆಲೆ ಏರುತ್ತಲೇ ಇದೆ’ ಎಂಬಷ್ಟಕ್ಕೆ ಬಳಸಲು ಹೇಳಿದರು. ಇಂಥ ಆಕ್ಷೇಪಣೆ ಬಂದದ್ದೇ ತರಗತಿ ಕಾಲದ ಲೆಕ್ಕ ಹಿಡಿಯುತ್ತಿದೆ ಎಂಬುದಕ್ಕೆ ಸಾಕ್ಷಿ.

ಗುಂಪು, ಕೆಲಸ, ನಿಯಮ

ಆರು ಪಾತ್ರಗಳು, ಒಂದೊಂದಕ್ಕೆ ಆರು ಮಕ್ಕಳು: ಹೆಣೆಯುವವರು, ಮಾಲೀಕರು, ನಾಟಿಂಗ್‌ಹ್ಯಾಮಿನ ಮ್ಯಾಜಿಸ್ಟ್ರೇಟರು, ಹೆಣೆಯುವವರ ಮನೆಯ ಹೆಂಗಸರು, ಮಸೂದೆಯ ಪರ ಲಾರ್ಡುಗಳು, ವಿರೋಧದ ಲಾರ್ಡುಗಳು. ಪಾತ್ರವನ್ನು ಚೀಟಿ ಎತ್ತಿ ಹಂಚಲಾಯಿತು. ಒಂದನ್ನು ಮಾತ್ರ ಶಿಕ್ಷಕಿ ತಾವೇ ನೋಡಿಕೊಂಡರು: ಪವರ್‌ಲೂಮ್ ಮನೆಯ ಮಕ್ಕಳು ಮಾಲೀಕರ ಗುಂಪಿಗೆ ಬೀಳದಂತೆ, ಜಗಳವಾಡಿದ ಹುಡುಗಿ ಹೆಣೆಯುವವರ ಗುಂಪಿಗೆ ಬೀಳದಂತೆ. ಹುಡುಗಿ ಮ್ಯಾಜಿಸ್ಟ್ರೇಟ್ ಆದಳು. ಇದು ಇಡೀ ಯೋಜನೆಯ ಅತಿ ವಿವೇಕದ ಹೆಜ್ಜೆ ಎಂದು ನಮ್ಮ ಅಭಿಪ್ರಾಯ. ತನ್ನ ಮನೆಯ ನೋವನ್ನೇ ಪಾತ್ರವಾಗಿ ಆಡಿಸಿದರೆ ಮಗು ಸೋತಾಗ ಮನೆಯೇ ಸೋತಂತಾಗುತ್ತದೆ.

ಪ್ರತಿ ಗುಂಪಿನಲ್ಲಿ ಇಬ್ಬರು ಮಾತಾಡುವವರು, ಇಬ್ಬರು ಕಾರ್ಡು ಹುಡುಕಿ ಕೊಡುವವರು, ಒಬ್ಬರು ಎದುರಿನವರ ಮಾತು ಬರೆದುಕೊಳ್ಳುವವರು, ಒಬ್ಬರು ಪ್ರಶ್ನೆ ಕೇಳುವವರು. ತಯಾರಿಗೆ ಒಂದು ಪೀರಿಯಡ್. ಗುಂಪಿನೊಳಗೆ ತೆಲುಗು, ಕನ್ನಡ ಯಾವುದಾದರೂ ಸರಿ, ಸಭೆಯಲ್ಲಿ ಕನ್ನಡ. ತಯಾರಿಯಲ್ಲೂ ಕನ್ನಡವನ್ನೇ ಕಡ್ಡಾಯ ಮಾಡಿದ್ದರೆ ಅರ್ಧ ಮಕ್ಕಳ ಯೋಚನೆ ಅಲ್ಲೇ ನಿಂತುಹೋಗುತ್ತಿತ್ತು.

ಸಭೆಯ ನಿಯಮ ಮೂರೇ. ಒಂದು ಮಾತಿಗೆ 90 ಸೆಕೆಂಡು. ಸಂಗತಿ ಹೇಳಿದರೆ ಕಾರ್ಡಿನ ಸಂಖ್ಯೆ ಹೇಳಬೇಕು. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ಅವರೇ ‘ಹೌದು’ ಎನ್ನುವಂತೆ ಒಂದು ವಾಕ್ಯದಲ್ಲಿ ಹೇಳಬೇಕು. ಮೂರನೆಯದು ಕಷ್ಟದ್ದು, ಮೊದಲ ಹತ್ತು ನಿಮಿಷ ಎಡವುತ್ತಾರೆ. ಬಿಡಬಾರದು. ಬರೆದುಕೊಳ್ಳುವ ಮಗುವಿನ ಟಿಪ್ಪಣಿಯನ್ನು ನೋಡಿ ಹೇಳಲು ಅವಕಾಶ ಕೊಟ್ಟರೆ ಬೇಗ ರೂಢಿಯಾಗುತ್ತದೆ. ಆ ಮಗುವಿನ ಕೆಲಸಕ್ಕೂ ಬೆಲೆ ಬರುತ್ತದೆ.

ವೇಷ, ಟೋಪಿ, ಇಂಗ್ಲಿಷ್ ಹೆಸರು ಯಾವುದೂ ಇರಲಿಲ್ಲ. ಅವು ಬಂದರೆ ಚರ್ಚೆ ನಾಟಕವಾಗುತ್ತದೆ.

ಸಭೆಯಲ್ಲಿ ನಡೆದದ್ದು

ಮಾಲೀಕರ ಗುಂಪು ಆರಂಭಿಸಿದ್ದು ಎಲ್ಲರೂ ನಿರೀಕ್ಷಿಸಿದ ಮಾತಿನಿಂದ: ‘ಇವರು ಓದು ಬರಹ ಇಲ್ಲದವರು, ಹೊಸ ಯಂತ್ರ ಕಂಡರೆ ಹೆದರುತ್ತಾರೆ.’ ಹೆಣೆಯುವವರ ಗುಂಪಿನಲ್ಲಿ ಕಾರ್ಡು ಹುಡುಕುತ್ತಿದ್ದ ಹುಡುಗ ಒಂದನೇ ಕಾರ್ಡನ್ನು ತನ್ನ ಗೆಳೆಯನ ಕೈಗೆ ತುರುಕಿದ. ಗೆಳೆಯ ಓದಿದ, ಬೆರಳು ಮಡಿಸಿ ಲೆಕ್ಕ ಹಾಕಿದ: ‘1589 ಅಂದ್ರೆ ಈ ಮಗ್ಗ ಬಂದು 223 ವರ್ಷ ಆಯ್ತು. ನಮ್ಮ ತಾತನ ತಾತನೂ ಇದರ ಮೇಲೇ ಕೂತಿದ್ದ. ಹೊಸದು ಎಲ್ಲಿಂದ ಬಂತು?’ ಮಾಲೀಕರ ಕಡೆ ಸದ್ದಿಲ್ಲ. ಅವರು ಕಾರ್ಡು ತಿರುವಿ ಹಾಕಿ ಮೂರನೆಯದಕ್ಕೆ ಬಂದರು, ಅಲ್ಲಿ ತಮ್ಮ ವಿರುದ್ಧವೇ ಸಾಕ್ಷಿ ಇರುವುದು ಕಂಡಿತು.

ಪಾಠದ ತಿರುಳು ಇದೇ. ನೆಡ್ ಲಡ್ ಹೆಸರಿನಲ್ಲಿ ಮಗ್ಗ ಒಡೆದ ನಾಟಿಂಗ್‌ಹ್ಯಾಮಿನ ಲಡ್ಡೈಟರಿಗೆ ಯಂತ್ರದ ಮೇಲೆ ಹಗೆಯಿರಲಿಲ್ಲ, ಅವರೇ ಯಂತ್ರದ ಕುಶಲಕರ್ಮಿಗಳು. ಅವರ ತಕರಾರಿದ್ದದ್ದು ಮಜೂರಿ ಕಡಿತ, ಕಳಪೆ ಮಾಲು, ಕಸುಬು ಕಲಿಯದವರ ನೇಮಕ ಇವುಗಳ ಮೇಲೆ. ಯಾರ್ಕ್‌ಶೈರಿನಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸಿ ನಯಗೊಳಿಸುವವರ ಮತ್ತು ಲ್ಯಾಂಕಾಶೈರಿನ ಹತ್ತಿ ನೇಕಾರರ ಸ್ಥಿತಿ ಬೇರೆ. ಅಲ್ಲಿ ಯಂತ್ರ ನಿಜಕ್ಕೂ ಕೈಕೆಲಸವನ್ನೇ ನುಂಗುತ್ತಿತ್ತು. ಈ ವ್ಯತ್ಯಾಸವನ್ನು ಶಿಕ್ಷಕರು ಭಾಷಣದಲ್ಲಿ ಹೇಳಿದ್ದರೆ ಎರಡು ಸಾಲಿನ ನೋಟ್ಸು ಆಗುತ್ತಿತ್ತು. 223 ಎಂಬ ಲೆಕ್ಕವನ್ನು ಮಗು ತಾನೇ ಮಾಡಿದ್ದರಿಂದ ಅದು ವಾದದ ತಿರುವಾಯಿತು.

ಮ್ಯಾಜಿಸ್ಟ್ರೇಟ್ ಆದ ಹುಡುಗಿ ಏಳನೇ ಕಾರ್ಡು ಎತ್ತಿ, ‘ಗಡೀಪಾರು ಈಗಾಗಲೇ ಇದೆ, ಆದರೂ ಒಡೆಯುವುದು ನಿಂತಿಲ್ಲ, ಆದ್ದರಿಂದ ಶಿಕ್ಷೆ ಹೆಚ್ಚಬೇಕು’ ಎಂದಳು. ವಿರೋಧದ ಲಾರ್ಡು ಅದೇ ಕಾರ್ಡು ಎತ್ತಿ, ‘ಶಿಕ್ಷೆಯಿಂದ ನಿಲ್ಲುವುದಿಲ್ಲ ಅಂತ ನೀವೇ ಒಪ್ಪಿದ್ರಿ’ ಎಂದ. ಒಂದೇ ದಾಖಲೆ ಎರಡು ಕಡೆಗೂ ದುಡಿಯುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಹೆಂಗಸರ ಗುಂಪು ಗೋಧಿಯ ಬೆಲೆ ಹಿಡಿದು ಕೂತಿತು, ಅಲ್ಲಿಂದ ಕದಲಲೇ ಇಲ್ಲ. ಅವರಿಗೆ ಇನ್ನೊಂದು ಕಾರ್ಡು ಬೇಕಿತ್ತು.

‘ಯಾವ ಕಾರ್ಡು?’

ವಿರೋಧದ ಲಾರ್ಡುಗಳಲ್ಲಿ ಒಬ್ಬಳು ಬಿರುಸಾಗಿ ಹೇಳಿದಳು: ‘ಢಾಕಾದ ನೇಕಾರರ ಹೆಬ್ಬೆರಳು ಕತ್ತರಿಸಿದವರು ನೀವು, ಈಗ ನಿಮ್ಮ ನೇಕಾರರ ಕತ್ತಿಗೇ ಹಗ್ಗ ಹಾಕ್ತಿದ್ದೀರಿ!’ ತರಗತಿ ಚಪ್ಪಾಳೆಯಿಂದ ತುಂಬಿತು. ಶಿಕ್ಷಕಿ ಕೇಳಿದ್ದು ಎರಡೇ ಪದ: ‘ಯಾವ ಕಾರ್ಡು?’ ಕಾರ್ಡು ಇರಲಿಲ್ಲ. ಅವರು ‘ಸುಳ್ಳು’ ಎನ್ನಲಿಲ್ಲ, ‘ಸರಿ’ ಎನ್ನಲೂ ಇಲ್ಲ. ಬೋರ್ಡಿನ ಮೂಲೆಯಲ್ಲಿ ‘ಪುರಾವೆ ಬಾಕಿ’ ಎಂದು ಬರೆದು ಅದರ ಕೆಳಗೆ ಆ ಮಾತನ್ನು ದಾಖಲಿಸಿದರು.

ಮುಂದಿನ ಪೀರಿಯಡ್ಡಿಗೆ ಅವರು ತಂದದ್ದು ವಿಲಿಯಂ ಬೋಲ್ಟ್ಸ್ 1772ರಲ್ಲಿ ಬಂಗಾಳದ ಬಗ್ಗೆ ಪ್ರಕಟಿಸಿದ ಬರಹದ ಸಾರ. ಕಚ್ಚಾ ರೇಷ್ಮೆಯ ನೂಲು ತೆಗೆಯುವವರು, ತಮ್ಮನ್ನು ಬಲವಂತವಾಗಿ ಆ ಕೆಲಸಕ್ಕೆ ಹಚ್ಚದಿರಲೆಂದು, ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡ ಪ್ರಸಂಗಗಳಿದ್ದವೆಂದು ಆತ ಬರೆದಿದ್ದಾನೆ. ಮಕ್ಕಳಿಗೆ ಮೂರು ಪ್ರಶ್ನೆ ಕೊಡಲಾಯಿತು. ಇದು ನಾವು ಕೇಳಿದ ಮಾತೇನಾ? ಕತ್ತರಿಸಿದವರು ಯಾರು? ಬರೆದವನು ಯಾರು? ಮೂರನೆಯದಕ್ಕೆ ಉತ್ತರ: ಬೋಲ್ಟ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು ಅದರೊಂದಿಗೆ ಜಗಳವಾಗಿ ಭಾರತದಿಂದ ಹೊರಹಾಕಿಸಿಕೊಂಡವನು. ಕಂಪನಿಯನ್ನು ದೂರಲು ಅವನಿಗೆ ಸ್ವಂತ ಕಾರಣವಿತ್ತು.

ರೇಷ್ಮೆ ಸೀರೆಯ ಊರಿನ ಮಕ್ಕಳು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಒಬ್ಬ ಹುಡುಗ ಹೇಳಿದ: ‘ಬ್ರಿಟಿಷರು ಕತ್ತರಿಸೋದಕ್ಕಿಂತ ಇದೇ ಘೋರ. ದುಡಿಯೋ ಬೆರಳನ್ನ ತಾನೇ ಕತ್ತರಿಸಿಕೋಬೇಕು ಅಂದ್ರೆ ಎಷ್ಟು ಕಾಟ ಕೊಟ್ಟಿರಬೇಕು.’ ಪುರಾವೆ ಕೇಳಿದರೆ ದೇಶಾಭಿಮಾನಕ್ಕೆ ಪೆಟ್ಟಾಗುತ್ತದೆಂಬ ಅಂಜಿಕೆ ಅನೇಕ ಶಿಕ್ಷಕರಲ್ಲಿದೆ. ಇಲ್ಲಿ ಪುರಾವೆ ಕಂಪನಿಯ ಮೇಲಿನ ಆರೋಪವನ್ನು ತೆಳು ಮಾಡಲಿಲ್ಲ, ಇನ್ನಷ್ಟು ಆಳಕ್ಕೆ ಇಳಿಸಿತು.

ಮುಚ್ಚಿದ ಲಕೋಟೆ

ಚರ್ಚೆ ಮುಗಿದ ಮೇಲೆ ಎಲ್ಲರೂ ಪಾತ್ರ ಕಳಚಿ, ಹೆಸರಿಲ್ಲದ ಚೀಟಿಯಲ್ಲಿ ಮತ ಹಾಕಿದರು. ಮತದ ಜೊತೆಗೆ ಒಂದು ಕಾರಣ, ಒಂದು ಕಾರ್ಡಿನ ಸಂಖ್ಯೆ. ಮಸೂದೆ ತರಗತಿಯಲ್ಲಿ ಬಿದ್ದುಹೋಯಿತು. ಆಮೇಲೆ ಶಿಕ್ಷಕಿ ಅದುವರೆಗೆ ಮುಚ್ಚಿಟ್ಟಿದ್ದ ಲಕೋಟೆ ಒಡೆದು, ಫೆಬ್ರವರಿ 27ರ ನಂತರದ ಸಂಗತಿಗಳಿದ್ದ ಕಾರ್ಡುಗಳನ್ನು ಒಂದೊಂದಾಗಿ ಓದಿದರು.

ಅಂದು ಲಾರ್ಡ್ಸ್ ಸಭೆಯಲ್ಲಿ ಕವಿ ಬೈರನ್ ತನ್ನ ಮೊದಲ ಭಾಷಣವನ್ನೇ ಮಸೂದೆಯ ವಿರುದ್ಧ ಮಾಡಿದ. ಅವನ ಮನೆತನದ ಬಂಗಲೆ ಇದ್ದದ್ದು ನಾಟಿಂಗ್‌ಹ್ಯಾಮ್‌ಶೈರಿನಲ್ಲೇ. ಆದರೂ ಮಾರ್ಚಿನಲ್ಲಿ ಮಸೂದೆ ಕಾನೂನಾಯಿತು. ಏಪ್ರಿಲ್‌ನಲ್ಲಿ ಯಾರ್ಕ್‌ಶೈರಿನ ರಾಫೋಲ್ಡ್ಸ್ ಗಿರಣಿಯ ಮೇಲೆ ದಾಳಿಯಾಯಿತು, ಅದೇ ತಿಂಗಳು ವಿಲಿಯಂ ಹಾರ್ಸ್‌ಫಾಲ್ ಎಂಬ ಗಿರಣಿ ಮಾಲೀಕನನ್ನು ಗುಂಡಿಟ್ಟು ಕೊಂದರು. ಹೆಣೆಯುವವರು ಕಾನೂನಿನ ದಾರಿಯನ್ನೂ ಹಿಡಿದಿದ್ದರು. ಕಸುಬಿನ ಮೋಸ ತಡೆಯಲು ಅವರು ಬೇಡಿದ ಮಸೂದೆಯನ್ನು ಕೆಳಮನೆಯಾದ ಕಾಮನ್ಸ್ ಸಭೆ ಒಪ್ಪಿದರೂ ಜುಲೈಯಲ್ಲಿ ಲಾರ್ಡ್ಸ್ ತಿರಸ್ಕರಿಸಿತು. 1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ 17 ಮಂದಿಯನ್ನು ಗಲ್ಲಿಗೇರಿಸಿದರು. ಕೊನೆಯ ಕಾರ್ಡಿನಲ್ಲಿ ಬ್ರಿಟನ್ನಿನ ಪವರ್‌ಲೂಮ್‌ಗಳ ಅಂದಾಜು ಸಂಖ್ಯೆ: 1813ರಲ್ಲಿ 2,400, 1829ರಲ್ಲಿ 55,500, 1833ರಲ್ಲಿ ಒಂದು ಲಕ್ಷ.

ಜುಲೈ ತಿಂಗಳ ಕಾರ್ಡಿನ ಮುಂದೆ ತರಗತಿ ಬಹಳ ಹೊತ್ತು ನಿಂತಿತು. ‘ಕೇಳಿದ್ರೂ ಕೊಡಲಿಲ್ಲ, ಒಡೆದ್ರೂ ಗಲ್ಲು. ಇನ್ನೇನು ಮಾಡಬೇಕಿತ್ತು?’ ಎಂಬ ಪ್ರಶ್ನೆ ಎದ್ದಾಗ ಸಂಘ ಕಟ್ಟುವ ಹಕ್ಕು, ಮತದ ಹಕ್ಕು, 1833ರ ಕಾರ್ಖಾನೆ ಕಾನೂನು ಎಲ್ಲವೂ ಉತ್ತರ ಹುಡುಕುವ ದಾರಿಯಲ್ಲಿ ಬಂದವು. ಪಠ್ಯದಲ್ಲಿ ಬೇರೆಬೇರೆ ಪುಟದಲ್ಲಿ ಒಣಗಿ ಕೂತ ಸಂಗತಿಗಳು ಅವು.

ಮೊಳಕಾಲ್ಮುರಿಗೆ ಬಂದದ್ದು

ಐದನೇ ಪೀರಿಯಡ್ಡಿನಲ್ಲಿ ಮಾತ್ರ ಊರಿನ ಮಾತು. ಅದೂ ಚರ್ಚೆಯಲ್ಲ, ಬರವಣಿಗೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಭಾರತೀಯ ಕಾನೂನನ್ನು ಶಿಕ್ಷಕಿ ಪರಿಚಯಿಸಿದರು. ಈಗ ಆ ಪಟ್ಟಿಯಲ್ಲಿ 11 ಬಗೆಗಳಿವೆ. ಪ್ರಶ್ನೆ: ‘1812ರ ಬ್ರಿಟನ್ ಕಾನೂನು ಯಾರನ್ನು ಕಾಯಿತು? 1985ರ ಕಾನೂನು ಯಾರನ್ನು ಕಾಯಲು ಹೊರಟಿದೆ? ಮನೆಯಲ್ಲಿ ಒಬ್ಬ ಹಿರಿಯರನ್ನು ಕೇಳಿ ಬರೆಯಿರಿ.’ ಕೈಮಗ್ಗದವರ ಮನೆಗೂ ಪವರ್‌ಲೂಮಿನವರ ಮನೆಗೂ ಅದೇ ಪ್ರಶ್ನೆ ಹೋಯಿತು. ಬಂದ ಬರಹಗಳಲ್ಲಿ ‘ನಿಮ್ಮಂಥೋರು’ ಎಂಬ ಮಾತು ಇರಲಿಲ್ಲ. ನೂಲಿನ ದರ, ಸಾಹುಕಾರನ ಮುಂಗಡ, ವಿದ್ಯುತ್ ಬಿಲ್ಲು ಇದ್ದವು.

ಅಂಕ ಮತ್ತು ಉಳಿದ ತೊಡಕು

ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. 10 ಅಂಕದಲ್ಲಿ ಪುರಾವೆ ಬಳಕೆಗೆ 4, ಎದುರು ವಾದವನ್ನು ಸರಿಯಾಗಿ ಹೇಳಿ ಉತ್ತರಿಸಿದ್ದಕ್ಕೆ 3, 1812ರ ಕಾಲ ಮೀರದೆ ಮಾತಾಡಿದ್ದಕ್ಕೆ 2, ಕೇಳಿಸಿಕೊಂಡದ್ದಕ್ಕೆ 1. ನಿರರ್ಗಳ ಮಾತಿಗೆ ಅಂಕವಿಲ್ಲ. ಇದನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಕು, ಇಲ್ಲದಿದ್ದರೆ ಭಾಷಣಕಾರರು ಮತ್ತೆ ‘ಮಾನ್ಯ ಅಧ್ಯಕ್ಷರೇ’ ಎಂದು ಶುರುಮಾಡುತ್ತಾರೆ. ಮಾತಾಡದ ಮಕ್ಕಳಿಗೆ ಟಿಪ್ಪಣಿ ಮತ್ತು ಚೀಟಿಯ ಆಧಾರದ ಮೇಲೆ ಅದೇ ಮಾನದಂಡ.

ಹೊತ್ತು ಹಿಡಿಯಿತು. ಒಟ್ಟು ಐದು ಪೀರಿಯಡ್ ಒಂದು ಅಧ್ಯಾಯದ ಒಂದು ಭಾಗಕ್ಕೆ. ಯಂತ್ರಗಳ ಪಟ್ಟಿಯನ್ನು ಮನೆ ಓದಿಗೆ ಬಿಟ್ಟು ಕಿರುಪರೀಕ್ಷೆಯಲ್ಲಿ ಮುಗಿಸಿದ್ದರಿಂದ ಸರಿದೂಗಿತು. ಎಲ್ಲ ಅಧ್ಯಾಯಕ್ಕೂ ಹೀಗೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ವರ್ಷಕ್ಕೆ ಎರಡು ಸಾಕು. ಫ್ರೆಂಚ್ ಕ್ರಾಂತಿಗೆ 1793ರ ಜನವರಿ ಹೊಂದುತ್ತದೆ: ಹದಿನಾರನೇ ಲೂಯಿಗೆ ಮರಣದಂಡನೆಯೇ? ಹತ್ತನೇ ತರಗತಿಗೆ 1919ರ ಜೂನ್: ವರ್ಸೇಲ್ಸ್ ಒಪ್ಪಂದಕ್ಕೆ ಜರ್ಮನಿಯ ರಾಷ್ಟ್ರೀಯ ಸಭೆ ಸಹಿ ಹಾಕಲು ಒಪ್ಪಬೇಕೇ? ಅದರ ಲಕೋಟೆಯಲ್ಲಿ ನಾಜಿ ಪಕ್ಷದ ಮತಪ್ರಮಾಣ ಇಡಬೇಕು: 1928ರಲ್ಲಿ ಶೇ. 2.6, 1930ರಲ್ಲಿ ಶೇ. 18.3, 1932ರ ಜುಲೈಯಲ್ಲಿ ಶೇ. 37.3. ಒಪ್ಪಂದವಾಗಿ ಒಂಬತ್ತು ವರ್ಷ ಕಳೆದರೂ 2.6 ಇದ್ದದ್ದು ನಾಲ್ಕೇ ವರ್ಷದಲ್ಲಿ 37 ಆದದ್ದು ಹೇಗೆಂದು ಕೇಳಿದರೆ, ‘ವರ್ಸೇಲ್ಸ್‌ನಿಂದ ಹಿಟ್ಲರ್ ಬಂದ’ ಎಂಬ ಸಿದ್ಧ ಉತ್ತರ ನಿಲ್ಲುವುದಿಲ್ಲ. 1929ರ ಆರ್ಥಿಕ ಕುಸಿತವನ್ನು ಮಕ್ಕಳೇ ಹುಡುಕುತ್ತಾರೆ.

ಆದರೆ ಯಹೂದಿಗಳ ನರಮೇಧವನ್ನಾಗಲಿ ಗುಲಾಮರ ವ್ಯಾಪಾರವನ್ನಾಗಲಿ ಪರ ವಿರೋಧಕ್ಕೆ ಹಾಕಲೇಬಾರದು. ಮಗುವಿನ ಬಾಯಲ್ಲಿ ಅದರ ಸಮರ್ಥನೆ ಹೇಳಿಸುವುದು ಕಲಿಕೆಯಲ್ಲ. ಅಲ್ಲಿ ಕೇಳಬೇಕಾದ್ದು ‘ಯಾರಿಗೆ ಗೊತ್ತಿತ್ತು, ಯಾರು ಏನು ಮಾಡಬಹುದಿತ್ತು’ ಎಂಬ ಪ್ರಶ್ನೆ.

ದಾವಣಗೆರೆಯಂಥ ನಗರದ ಶಾಲೆಗಳಲ್ಲಿ ತರಗತಿಗೆ 60 ಮಕ್ಕಳಿದ್ದರೆ ಆರು ಗುಂಪು ಸಾಲದು, ಹತ್ತು ಗುಂಪಾದರೆ ಸಭೆ ಸಾಗದು. ಅರ್ಧ ತರಗತಿ ಚರ್ಚಿಸಲಿ, ಇನ್ನರ್ಧ ಲಾರ್ಡ್ಸ್ ಸಭೆಯ ಮತದಾರರಾಗಿ ಕೂತು ಪ್ರತಿ ಮಾತಿನ ಎದುರು ಕಾರ್ಡಿನ ಸಂಖ್ಯೆ ಗುರುತಿಸಲಿ. ಮುಂದಿನ ಪ್ರಶ್ನೆಗೆ ಸ್ಥಾನ ಅದಲುಬದಲಾಗಲಿ. ಮೊಳಕಾಲ್ಮುರಿನ ಶಾಲೆಯಲ್ಲಿ ಮುಂದಿನ ಸಲಕ್ಕೆ ಮಾಡಿಕೊಂಡ ಬದಲಾವಣೆ ಎರಡು: ನಾಲ್ಕನೇ ಕಾರ್ಡಿನಲ್ಲಿ 1812ರ ಬದಲು 1811ರವರೆಗಿನ ಬೆಲೆ ಮಾತ್ರ, ಮತ್ತು ಹೆಂಗಸರ ಗುಂಪಿಗೆ ಮನೆಯೊಳಗಿನ ದುಡಿಮೆಯ ಬಗ್ಗೆ ಒಂಬತ್ತನೇ ಕಾರ್ಡು: ಗಂಡ ಮಗ್ಗದ ಮೇಲೆ ಕೂತರೆ ಕಾಲುಚೀಲದ ಹೊಲಿಗೆ ಹೆಂಡತಿಯದು, ನೂಲು ಸುತ್ತುವುದು ಮಕ್ಕಳದು.